ಹಿಡಿದಿಟ್ಟ ಹಾಸಿಗೆ

...ನಕ್ಕಳು ಎಂದೇ ಈವರೆಗೆ ಹೇಳಿಕೊಂಡು ಬಂದಿದ್ದೇನೆ, ಆದರೆ ಅಕ್ಕ ಆ ಕಚೇರಿಯಲ್ಲಿ ನಗಲೇ ಇಲ್ಲವೇನೋ. ಬರೀ ಕೆಮ್ಮಿರಬಹುದು. ಹೆಂಡತಿಗೆ ಮೊದಲ ಸಲ ಹೇಳುವಾಗ ನಗುವನ್ನು ಸೇರಿಸಿದೆ, ಆಮೇಲೆ ಅದು ಕದಲಲಿಲ್ಲ. ಆದ್ದರಿಂದ ಕಾಗದದಲ್ಲಿ ಇರುವುದನ್ನು ಮೊದಲು ಬರೆಯುತ್ತೇನೆ.

ಅಕ್ಕ ನೈರೋಬಿಯಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಒಂಟಿ. ಇಲ್ಲಿನ ಪೌರತ್ವ ತೆಗೆದುಕೊಂಡಿದ್ದಳು. ನಾನು ಅವಳ ಹಿಂದೆಯೇ ಬಂದು ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆದವನು. ಅವಳಿಗೆ ರಕ್ತದ ಕಾಯಿಲೆ ಬಂತು. ಅಸ್ಥಿಮಜ್ಜೆ ಬದಲಿಸಬೇಕು, ಇಲ್ಲಿ ಆಗುವುದಿಲ್ಲ, ಇಂಡಿಯಾಕ್ಕೆ ಹೋಗಿ ಎಂದರು ವೈದ್ಯರು. ಇಲ್ಲಿ ಆಗದ ಚಿಕಿತ್ಸೆಗೆ ಹೊರದೇಶಕ್ಕೆ ಕಳಿಸುವ ಸರ್ಕಾರಿ ವಿಮಾ ನಿಧಿಯಿದೆ. ಅವಳ ಸಂಬಳದಿಂದ ಪ್ರತಿ ತಿಂಗಳೂ ಅದಕ್ಕೆ ಹೋಗುತ್ತಿತ್ತು. ನಿಯಮ ಅರ್ಜಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು: ಮೊದಲು ಒಪ್ಪಿಗೆ, ಆಮೇಲೆ ಚಿಕಿತ್ಸೆ.

ಹರ್ಲಿಂಗ್‌ಹ್ಯಾಮ್‌ನ ಲ್ಯಾಬಿನಲ್ಲಿ ನನ್ನ ರಕ್ತ ಕೊಟ್ಟೆ. ಪೂರ್ತಿ ಹೊಂದಿತು. ಮಜ್ಜೆ ಕೊಡಬೇಕಾದವನು ನಾನೇ.

“ನೋಡೋ, ಐವತ್ತು ವರ್ಷಕ್ಕೆ ಮೊದಲನೇ ಸಲ ಉಪಯೋಗಕ್ಕೆ ಬರ್ತಿದೀಯ,” ಅಂದಳು ಅಕ್ಕ.

“ಎಲ್ಲಿಗೆ ಚುಚ್ತಾರಂತೆ?”

“ಸೊಂಟದ ಮೂಳೆಗೆ. ಪ್ರಜ್ಞೆ ತಪ್ಪಿಸಿ ತೆಗೀತಾರೆ ಕಣೋ, ಈಗಲೇ ಬೆವರ್ಬೇಡ. ಒಳಗೆ ಏನಾದ್ರೂ ಇದ್ಯೋ ಇಲ್ವೋ ಅನ್ನೋದಷ್ಟೇ ನನ್ನ ಭಯ.”

ಶಾಲೆಯಲ್ಲಿ ಲಸಿಕೆ ಹಾಕುವ ದಿನ ಪಾಯಿಖಾನೆಯಲ್ಲಿ ಅಡಗಿದ್ದ ನನ್ನನ್ನು ಕಿವಿ ಹಿಡಿದು ಎಳೆದು ತಂದವಳು ಅವಳೇ. ನನಗೆ ಅದು ನೆನಪಿಲ್ಲ. ಬಂದ ನೆಂಟರಿಗೆಲ್ಲ ಅವಳು ಹೇಳುತ್ತಿದ್ದುದು ಮಾತ್ರ ನೆನಪಿದೆ.

ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿಯನ್ನು ಅವಳೇ ಬರೆದುಕೊಟ್ಟಳು. ಜೋಡಿಸುವ ಕೆಲಸ ನನ್ನದು. ಆ ನಡುವೆ ಬೆಂಗಳೂರಿನ ಆಸ್ಪತ್ರೆಯ ಆಫೀಸಿನಲ್ಲಿದ್ದ ಕಾಲೇಜು ಗೆಳೆಯನಿಗೆ ಫೋನ್ ಮಾಡಿದೆ.

“ಬೆಡ್ ಸಿಗೋದೇ ಕಷ್ಟ ಗುರೂ. ಅಕ್ಕ ಅಡ್ಮಿಟ್ ಆಗಿದಾರೆ ಅಂತ ಈಗಲೇ ಬರೆದಿಟ್ಟುಬಿಡ್ತೀನಿ. ಬಂದಾಗ ಬರ್ಲಿ.”

“ಬರೆದಿಡು,” ಅಂದೆ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವರು ನಾವಿಬ್ಬರೂ. ಅದರಲ್ಲಿ ತಪ್ಪಿದೆ ಎಂದು ಅವನಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಅವನ ಬಗ್ಗೆ ಇದು ಖಂಡಿತ ನಿಜ. ಅಕ್ಕ ದಾಖಲಾಗಿದ್ದಾಳೆ ಎಂಬ ಪತ್ರ, ಮೊಹರಿನೊಂದಿಗೆ, ಅದೇ ಸಂಜೆ ಮೇಲ್‌ನಲ್ಲಿ ಬಂತು. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ.

ಕೆಲವು ವಾರಗಳ ನಂತರ ನಿಧಿಯ ಕಚೇರಿಯಿಂದ ಕರೆ ಬಂತು. ಮೇಜಿನ ಹಿಂದೆ ಕೂತಿದ್ದ ಹೆಂಗಸು ಪತ್ರವನ್ನೂ ಅಕ್ಕನನ್ನೂ ಒಂದೆರಡು ಸಲ ನೋಡಿದಳು.

“ಮೇಡಂ, ಇದರ ಪ್ರಕಾರ ನೀವು ಈಗ ಇಂಡಿಯಾದ ಆಸ್ಪತ್ರೆಯಲ್ಲಿದ್ದೀರಿ.”

“ಹೌದಾ? ಊಟ ಹೇಗಿದೆಯಂತೆ ಅಲ್ಲಿ?” ಎಂದಳು ಅಕ್ಕ. ನಕ್ಕಳೋ ಕೆಮ್ಮಿದಳೋ ಎಂದು ಅನುಮಾನ ಇರುವುದು ಇಲ್ಲಿ.

ಆ ಹೆಂಗಸಂತೂ ನಗಲಿಲ್ಲ. ಒಪ್ಪಿಗೆಗೆ ಮುಂಚೆ ಶುರುವಾದ ಚಿಕಿತ್ಸೆಗೆ ನಿಧಿ ಕೊಡುವುದಿಲ್ಲ ಎಂದಳು. ನಾನು ಮುಂದೆ ಬಾಗಿ, ಚಿಕಿತ್ಸೆ ಶುರುವಾಗಿಲ್ಲ, ಹಾಸಿಗೆ ಹಿಡಿದಿಡಲು ಸುಮ್ಮನೆ ಬರೆಸಿದ್ದು ಅಂದೆ.

“ಹಾಗಾದರೆ ಇದು ಸುಳ್ಳು ಪತ್ರವೇ?”

ಅದಕ್ಕೆ ಹೌದು ಅಂದರೂ ಅಲ್ಲ ಅಂದರೂ ಫೈಲು ಮುಚ್ಚುತ್ತಿತ್ತು. ಮುಚ್ಚಿತು. ಹೊಸದಾಗಿ ಅರ್ಜಿ ಹಾಕಬಹುದು, ವೈದ್ಯರ ಸಹಿಗಳೆಲ್ಲ ಮೊದಲಿನಿಂದ. “ಪೋಲೆ ಸಾನ,” ತುಂಬಾ ವಿಷಾದ, ಎಂದು ಅಕ್ಕನ ಕೈ ಮುಟ್ಟಿದಳು. ಒಳ್ಳೆಯ ಹೆಂಗಸು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ.

ವಾಪಸು ಬರುವಾಗ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಟ್ಯಾಕ್ಸಿ ಸಿಕ್ಕಿಹಾಕಿಕೊಂಡಿತು. ಎರಡೂ ಕಡೆ ಮಟಾಟು ವ್ಯಾನುಗಳು, ಎದೆಗೆ ಗುದ್ದುವ ಹಾಡು. ಅಕ್ಕ ಕಿಟಕಿಯ ಗಾಜು ಏರಿಸಿದಳು.

“ನನ್ನ ಪಟ್ಟೀಲಿ ಅದಿತ್ತಾ?”

“ಇಲ್ಲ.”

“ಮತ್ಯಾಕೆ ಸೇರಿಸ್ದೆ?”

“ಇರ್ಲಿ ಅಂತ, ಅಕ್ಕ.”

“ಇರ್ಲಿ ಅಂತ.” ಸೀಟಿಗೆ ತಲೆ ಆನಿಸಿ ಅಂದಳು, “ಹೋಗ್ಲಿ ಬಿಡೋ. ನಿನ್ನ ಸೊಂಟ ಉಳೀತು.”

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಅವನಿಗೆ ಭಾಷೆ ಬಾರದಿದ್ದುದು ನನಗೆ ಸಮಾಧಾನವಾಗಿತ್ತು. ಅಂಥ ಹೊತ್ತಿನಲ್ಲೂ ಅದನ್ನು ಗಮನಿಸಿದ್ದೆ.

ಎರಡನೇ ಅರ್ಜಿಗೆ ಸಹಿ ಹಾಕಿಸುತ್ತಿದ್ದಾಗ ಅವಳಿಗೆ ಜ್ವರ ಬಂತು. ಒಂಬತ್ತನೇ ದಿನ ತೀರಿಕೊಂಡಳು. ನಮ್ಮ ಸ್ವಂತ ಖರ್ಚಿನಲ್ಲಿ ಹೋಗಿಬಿಡೋಣ ಎಂಬ ಮಾತನ್ನು ಆ ತಿಂಗಳುಗಳಲ್ಲಿ ನಾನು ಎತ್ತಲಿಲ್ಲ. ಅವಳೂ ಕೇಳಲಿಲ್ಲ, ನನ್ನ ಮುಖ ನೋಡುತ್ತಿದ್ದಳು ಅಷ್ಟೇ. ಸ್ಪ್ರಿಂಗ್ ವ್ಯಾಲಿಯ ನಮ್ಮ ಮನೆಗೆ ಸಂತಾಪ ಹೇಳಲು ಬಂದ ಕನ್ನಡದವರೆಲ್ಲ, ತಮ್ಮ ಎಷ್ಟು ಓಡಾಡಿದ ಪಾಪ, ಎಂದರು. ಅಲ್ಲ ಅನ್ನಲಿಲ್ಲ. ಕಾಫಿ ಕೊಟ್ಟೆ.

ಕಾರ್ಖಾನೆಯಲ್ಲಿ ನನ್ನ ಕೆಲಸವೇ ರಫ್ತಿನ ಕಾಗದ ನೋಡುವುದು. ಒಂದು ತಪ್ಪು ಹಾಳೆಗೆ ಇಡೀ ಸರಕು ಬಂದರಿನಿಂದ ಹಿಂದಿರುಗುತ್ತದೆ ಎಂದು ಕೈಕೆಳಗಿನವರನ್ನು ಬೈಯುವವನು ನಾನು. ಆ ದಪ್ಪ ಅಕ್ಷರದ ಸಾಲನ್ನು ಓದಿದ್ದೆ. ಓದಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಗೆಳೆಯನ ಪತ್ರಕ್ಕೆ ತೂತು ಹೊಡೆದು, ಅಕ್ಕನ ರಿಪೋರ್ಟುಗಳ ಮೇಲಿಟ್ಟು ದಾರ ಕಟ್ಟುವಾಗ ಅದು ನೆನಪಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.