ಹೂಕುಂಡಗಳ ಸಾಲಿನಲ್ಲಿ ನನ್ನ ಕುರ್ಚಿ

ನನ್ನ ಮೊಮ್ಮಗಳು ನಡೆದಳು. ಇದನ್ನು ಮೊದಲು ಹೇಳದಿದ್ದರೆ ಉಳಿದದ್ದನ್ನು ಬರೆಯಲು ನನಗೆ ಕೈ ಓಡುವುದಿಲ್ಲ. ಒಂದೂವರೆ ವರ್ಷವಾದರೂ ಅಂಬೆಗಾಲು ಬಿಡದವಳು, ಕೊಲ್ಲಿ ನಾಡಿನ ಅಲ್ ಅಮೇರಾತ್‌ನ ನಮ್ಮ ಬೀದಿಯಲ್ಲಿ, ಅಂಗಡಿಯವರ ಜಗಳದ ನಡುವೆ ನಡೆದಳು.

ಮಗನದು ಅಲ್ಲಿ ಸಣ್ಣ ಚಹಾದಂಗಡಿ. ಮೇಲಿನ ಒಂದು ಕೋಣೆಯಲ್ಲಿ ಅವನ ಸಂಸಾರ, ಈಗ ನಾನೂ. ಮಂಚ, ಫ್ರಿಜ್ಜು, ಕಪಾಟು ಇಟ್ಟ ಮೇಲೆ ಮಗುವಿಗೆ ಉಳಿದದ್ದು ಒಂದು ಚಾಪೆಯಷ್ಟು ಜಾಗ. ಹೊರಗೆ ಬಿಡಿ, ನಡೆಯುತ್ತಾಳೆ ಎಂದರು ಡಾಕ್ಟರು. ಎಲ್ಲಿ ಬಿಡುವುದು? ಕಾರುಗಳು ಅಂಗಡಿಯ ಬಾಗಿಲಿಗೇ ಮೂತಿ ತಂದು ನಿಲ್ಲುತ್ತವೆ. ಇಲ್ಲಿಯ ಗಿರಾಕಿ ಚಹಾಕ್ಕೆಂದು ಇಳಿಯುವವನಲ್ಲ. ಹಾರ್ನ್ ಹೊಡೆದರೆ ಲೋಟ ಕಾರಿನ ಕಿಟಕಿಗೆ ಹೋಗಬೇಕು.

ಪಕ್ಕದ ಟೈಲರು ಮಂಗಳೂರು ಕಡೆಯ ಪೊರ್ಬುಗಳು, ನಮ್ಮೂರ ಕೊಂಕಣಿ ಕ್ರಿಶ್ಚಿಯನ್ನರನ್ನು ನಾವು ಕರೆಯುವುದು ಹಾಗೆ. ಬೀದಿಯ ಅಂಗಡಿಯವರನ್ನೆಲ್ಲ ಸೇರಿಸಿ ಅವರೊಂದು ಕೂಟ ಮಾಡಿದರು. ಎಲ್ಲರೂ ತಿಂಗಳ ವಂತಿಗೆ ಹಾಕುವುದು, ಅದರಲ್ಲಿ ಬೀದಿ ಗುಡಿಸಲು ಜನ, ದೀಪ, ನೆರಳಿಗೆ ಚಪ್ಪರ, ಕೂರಲು ಬೆಂಚು. ಕಾರು ಹತ್ತಿರ ಬಾರದಂತೆ ಅಂಗಡಿಗಳ ಎದುರು ದೊಡ್ಡ ಹೂಕುಂಡಗಳ ಸಾಲು. ನಗರಸಭೆ ಒಪ್ಪಿತು. ಒಪ್ಪದವನು ನನ್ನ ಮಗ ಒಬ್ಬನೇ.

"ನಿಮ್ಮಲ್ಲಿ ಪ್ಯಾಂಟು ಹೊಲಿಸ್ಲಿಕ್ಕೆ ಜನ ಹೇಗೂ ಇಳಿದೇ ಬರ್ಬೇಕು, ಪೊರ್ಬುಗಳೇ. ನಂಗೆ ಹಾರ್ನೇ ಅನ್ನ."

"ಹಾಗಾದ್ರೆ ಹಾರ್ನನ್ನೇ ತಿನ್ನು ಮಾರಾಯ. ನಿನ್ನೆದುರು ಕುಂಡವೂ ಇಲ್ಲ, ಬೆಂಚೂ ಇಲ್ಲ. ಖಲಾಸ್."

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಟೈಲರ ಚಹಾ ಬೇರೆ ಬೀದಿಯಿಂದ ಬರತೊಡಗಿತು, ಅದೂ ನಮಗೆ ಕಾಣುವ ಹಾಗೆ. ಕುಂಡಗಳು ಆಚೆಯಿಂದ ಬಂದು ನಮ್ಮ ಅಂಗಡಿಯ ಹತ್ತಿರ ನಿಂತವು, ನಮ್ಮದನ್ನು ದಾಟಿ ಈಚೆಯಿಂದ ಮತ್ತೆ ಶುರುವಾದವು. ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ನಮ್ಮದೊಂದು ಖಾಲಿ. ಬೇರೆಲ್ಲೂ ಜಾಗ ಸಿಗದ ಕಾರುಗಳೆಲ್ಲ ಅಲ್ಲಿಗೇ ನುಗ್ಗತೊಡಗಿದವು. ಒಂದು ಸಂಜೆ ಸೊಸೆಯ ಕೈಯಿಂದ ಜಾರಿದ ಮಗು ಅಂಬೆಗಾಲಿಕ್ಕಿ ಹೊರಟದ್ದೂ, ಒಂದು ದೊಡ್ಡ ಗಾಡಿ ಅವಳ ತಲೆಯ ಹತ್ತಿರ ಬ್ರೇಕು ಹಾಕಿದ್ದೂ ಒಟ್ಟಿಗೇ ಆಯಿತು.

ಮರುದಿನ ಆ ಖಾಲಿ ಜಾಗದಲ್ಲಿ ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ.

ಕಾರುಗಳು ಹಾರ್ನ್ ಹೊಡೆದವು. ನಾನು ರಸ್ತೆಯ ಆಚೆ ಬದಿಗೆ ಕೈ ತೋರಿಸಿದೆ. ಕೆಲವರು ಬೈದರು, ಯಾವ ಭಾಷೆಯಲ್ಲಾದರೂ ಬೈಗುಳ ತಿಳಿಯುತ್ತದೆ. ನಾನು ತುಳುವಿನಲ್ಲಿ ವಾಪಸು ಕೊಟ್ಟೆ.

ಮಗ ಹೊರಗೆ ಬಂದ. "ಗಿರಾಕಿ ಓಡಿಸ್ಲಿಕ್ಕೆ ಊರಿಂದ ಬಂದದ್ದಾ ಅಮ್ಮ ನೀನು?"

"ಅವರಿಗೆ ಕಾಲು ಉಂಟಲ್ಲ, ಇಳಿದು ಬರ್ಲಿ."

"ಟೈಲರು ಹೇಳಿಕೊಟ್ಟದ್ದಾ?"

"ಅವರ ಮೋರೆಯೂ ನಂಗೆ ಬೇಡ, ನಿನ್ನದೂ ಬೇಡ. ಒಳಗೆ ಹೋಗು."

ಅವನು ನನ್ನೊಡನೆಯೂ ಮಾತು ಬಿಟ್ಟ. ನನ್ನ ಪಾಲಿನ ಚಹಾವನ್ನು ಟಪ್ಪೆಂದು ಇಟ್ಟು ಹೋಗುತ್ತಿದ್ದ. ನಾನು ಕುಡಿದೆ, ಕುರ್ಚಿ ಬಿಡಲಿಲ್ಲ. ಮಗು ಟೈಲರ ಬಾಗಿಲಿನ ತನಕ ತೆವಳುವುದು, ಕುಂಡ ಹಿಡಿದು ನಿಲ್ಲುವುದು, ಕೂರುವುದು, ಇದೇ ಅವಳ ಕೆಲಸವಾಯಿತು.

ಆ ದಿನವೂ ಒಂದು ಕಾರು ನನ್ನ ಬೆನ್ನಿಗೇ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಮಗ ಕೈಯಲ್ಲಿ ಚಹಾದ ತಟ್ಟೆ ಹಿಡಿದು, ಹಲ್ಲು ಕಚ್ಚಿ ಹೊರಗೆ ಬಂದ. ಆಗಲೇ ಮಗು ಕೊನೆಯ ಕುಂಡವನ್ನು ಬಿಟ್ಟಳು. ಹಿಡಿಯಲು ಎದುರು ಏನೂ ಇಲ್ಲ, ನಾನು ಮಾತ್ರ. ಓಲಾಡಿದಳು, ಬೀಳುತ್ತಾಳೆಂದುಕೊಂಡೆ, ಬೀಳಲಿಲ್ಲ. ಬಂದು ನನ್ನ ಮಂಡಿಗೆ ಮುಖ ಒತ್ತಿದಳು. ನನ್ನ ಸೀರೆಯೆಲ್ಲ ಜೊಲ್ಲು, ಕಣ್ಣೆಲ್ಲ ನೀರು. ಟೈಲರು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು.

ಹಾರ್ನ್ ಮತ್ತೆ ಕೂಗಿತು. ಮಗ ಆ ಕಾರಿನವನಿಗೆ ರಸ್ತೆಯ ಆಚೆ ಬದಿ ತೋರಿಸಿದ. ಅದು ಅಲ್ಲಿ ಹೋಗಿ ನಿಂತ ಮೇಲೆ ತಟ್ಟೆ ಹಿಡಿದು ತಾನೇ ರಸ್ತೆ ದಾಟಿದ.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಕುರ್ಚಿ ಗೋಡೆಗೊರಗಿತ್ತು. ಖಾಲಿ ಜಾಗ ಮುಚ್ಚಿ ಕೂಟದ ಎರಡು ಕುಂಡ ನಿಂತಿದ್ದವು. ಮಗನಿಗೂ ಟೈಲರಿಗೂ ಈಗಲೂ ಮಾತಿಲ್ಲ. ಇಲ್ಲದಿದ್ದರೆ ಬೇಡ. ನನ್ನ ಹುಡುಗಿ ಇಬ್ಬರ ಬಾಗಿಲಿಗೂ ನಡೆದುಕೊಂಡೇ ಹೋಗುತ್ತಾಳೆ.