ಮಾವ ಎರಡು ಸಲ ಗುಂಬಜು ನೋಡಿದ ದಿನ

ಕಮಲಾಪುರದ ನನ್ನ ಸೋದರಮಾವನವರ ಲೆಕ್ಕದಲ್ಲಿ ಈ ಭೂಮಂಡಲದಲ್ಲಿ ನೋಡತಕ್ಕ ಸ್ಥಳ ಒಂದೇ: ಅವರ ಬಾಳೆಯ ತೋಟ. ನಾನು ಸೂಟಿಗೆ ಹೋದಾಗಲೆಲ್ಲ ಹಳ್ಳದ ದಂಡೆಗುಂಟ ನಡೆಸಿಕೊಂಡು ಹೋಗಿ, ಒಂದೊಂದು ಗಿಡದ ಮುಂದೆ ನಿಲ್ಲಿಸಿ, ಅದರ ತಾಯಿಗಿಡ ಯಾವುದು, ಅಜ್ಜಿಗಿಡ ಯಾವುದು ಎಂದು ವಿವರಿಸುವರು. ನಾನು ಕೈಕಟ್ಟಿ ಕೇಳುವೆನು. ಕೆಂಪು ಬಾಳೆಯ ಗೊನೆಯೆದುರು ತಲೆ ಬಾಗಿಸಬೇಕೆಂಬ ಕಾಯಿದೆಯನ್ನು ನಿಜಾಮ ಸರಕಾರ ಮಾಡಿರಲಿಲ್ಲ, ಮಾವ ಮಾಡಿದ್ದರು.

ನಾನಾದರೋ ಕಲಬುರಗಿಯ ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಚರಿತ್ರೆ ಹೇಳುವ ಮಾಸ್ತರ. ಹಳೆಯ ಗೋಡೆ ಕಂಡರೆ ನಿಂತು ಮಾತಾಡುವ ರೋಗ ನನಗಿತ್ತು. "ನಮ್ಮೂರಿಗೂ ಒಮ್ಮೆ ಬರ್ರಿ ಮಾಮಾ, ನೋಡೂವಂಥಾದ್ದು ಭಾಳ ಅದ" ಎಂದರೆ ಅವರದು ಒಂದೇ ಉತ್ತರ: "ಏನದ ನಿಮ್ಮ ಊರಾಗ? ಕಲ್ಲು."

ಒಂದು ವರ್ಷ ಶಿವರಾತ್ರಿ ಮುಗಿದ ಮೇಲೆ ಬಂಡಿಯಲ್ಲಿ ಗೊನೆ ಹೇರಿಕೊಂಡು ಅವರೇ ಪೇಟೆಗೆ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡರು. ಮರುದಿನ ಬೆಳಿಗ್ಗೆ ಅವರ ಪೂಜೆ ಮುಗಿದದ್ದೇ ತಡ, ನಾನು ಹೊರಡಿಸಿದೆ. ಜಾಲಿ ಗಿಡಗಳ ನಡುವಿನ ಕಾಲುದಾರಿ ಹಿಡಿದು ಹಫ್ತ್ ಗುಂಬಜಿಗೆ, ಅಲ್ಲಿಂದ ಕೋಟೆಗೆ, ಕೋಟೆಯಿಂದ ಅಪ್ಪನ ಗುಡಿಯ ಕೆರೆಯ ಏರಿ ಹಾಯ್ದು ಊಟದ ಹೊತ್ತಿಗೆ ಮನೆಗೆ.

ಹಫ್ತ್ ಗುಂಬಜಿನ ಸುಲ್ತಾನರ ಗೋರಿಗಳು ಮಾವನ ಮೇಲೆ ಏನೂ ಪರಿಣಾಮ ಮಾಡಲಿಲ್ಲ. ಗಾರೆಯ ಕುಸುರಿ ತೋರಿಸಿದರೆ "ಹ್ಞೂಂ" ಎಂದರು. ಆದರೆ ದೊಡ್ಡ ಗುಂಬಜಿನೊಳಗೆ ಅವರು ಕೆಮ್ಮಿದಾಗ ಗುಂಬಜು ತಿರುಗಿ ಕೆಮ್ಮಿತು. ಮಾವನ ಮುಖ ಅರಳಿತು. ಎರಡೂ ಕೈ ಮೇಲೆತ್ತಿ, ತೋಟದಲ್ಲಿ ಎತ್ತು ಕರೆಯುವ ಧಾಟಿಯಲ್ಲಿ "ಹೋ... ಬಾ ಬಾ ಬಾ!" ಎಂದು ಕೂಗಿದರು. ಒಳಗೆ ಮಲಗಿದ್ದ ಸುಲ್ತಾನ ಎದ್ದು ಬರಲಿಲ್ಲವೆಂಬುದೊಂದೇ ಸಮಾಧಾನ. ಐದಾರು ಸಲ ಕೂಗಿ, "ಇದು ಅಡ್ಡಿ ಇಲ್ಲ" ಎಂದು ಮಂಜೂರಾತಿ ಕೊಟ್ಟರು. ಕೋಟೆಯ ಮೇಲಿನ ಉದ್ದನೆಯ ಫಿರಂಗಿ ತೋಪಿಗೆ ಅಷ್ಟೂ ಸಿಗಲಿಲ್ಲ. "ಇಷ್ಟುದ್ದ ಕೊಳವಿ ಮಾಡ್ಯಾರ. ತೋಟಕ್ಕ ನೀರರ ಬಿಡಬೇಕಿತ್ತು" ಎಂದರು.

ಮನೆಗೆ ಬಂದಾಗ ಹೋಳಿಗೆಯ ವಾಸನೆ ಬಾಗಿಲಲ್ಲೇ ಎದುರುಗೊಂಡಿತು. ಮಾವ ಕಾಲು ತೊಳೆದು, ವಿಭೂತಿ ಹಚ್ಚಿ, ಉಣ್ಣುವ ಮೊದಲು ಲಿಂಗವನ್ನು ಕಣ್ಣಿಗೊತ್ತಿಕೊಳ್ಳಲು ಅಂಗಿಯೊಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಹೊರಗೆ ಬಂದದ್ದು ಕಡಿದ ಶಿವದಾರ ಮಾತ್ರ.

ಲಿಂಗವಂತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಉಳಿದವರಿಗೆ ಹೇಳುತ್ತೇನೆ. ಎದೆಯ ಮೇಲಿನ ಲಿಂಗ ಕಳೆದರೆ, ಸಿಗುವ ತನಕ ಅನ್ನವಿಲ್ಲ, ನೀರಿಲ್ಲ. ಸಿಗದೇ ಹೋದರೆ ಈಗಿನವರು ಮಠಕ್ಕೆ ಹೋಗಿ ಬೇರೆ ಕಟ್ಟಿಸಿಕೊಂಡು ಬರುತ್ತಾರೆ. ಮಾವ ಈಗಿನವರಲ್ಲ.

"ತಾಟ ತಗೀರಿ," ಎಂದರು. "ಸಿಕ್ಕರ ಉಣ್ತೀನಿ. ಸಿಗಲಿಲ್ಲಂದ್ರ ಬಂಡಿ ನಾ ಇಲ್ಲದ ಹೋಗ್ತದ ಕಮಲಾಪುರಕ್ಕ."

"ಅಯ್ಯ ಶಿವನ! ಒಂದು ಗುಟುಕು ನೀರರ ಕುಡೀರಿ, ಬಿಸಲಾಗ ಬಂದೀರಿ" ಎಂದು ನನ್ನ ಹೆಂಡತಿ ತಂಬಿಗೆ ಹಿಡಿದು ನಿಂತಳು.

"ಉಗುಳರ ನುಂಗಬಹುದೋ ಇಲ್ಲೋ ಅಂತ ನಾ ವಿಚಾರ ಮಾಡಾಕತ್ತೀನವ್ವಾ. ನೀ ನೀರ ಅಂತಿ."

ಅವರಿಗೆ ಅರವತ್ತೈದು ದಾಟಿತ್ತು. ಹೊರಗೆ ಕಲಬುರಗಿಯ ಬಿಸಿಲು. ಹೆಚ್ಚುಕಡಿಮೆಯಾದರೆ, ಗೋರಿ ತೋರಿಸಲು ಕರೆದೊಯ್ದು ಮಾವನನ್ನೇ ಗೋರಿಗೆ ಕಳಿಸಿದ ಅಳಿಯನೆಂದು ನನ್ನ ಹೆಸರು ನಮ್ಮ ಮನೆತನದ ಚರಿತ್ರೆಯಲ್ಲಿ ಉಳಿಯುವುದಿತ್ತು. ಚರಿತ್ರೆಯ ಮಾಸ್ತರನಾದರೂ ಆ ಬಗೆಯಲ್ಲಿ ಅದರೊಳಗೆ ಸೇರುವ ಆಸೆ ನನಗಿರಲಿಲ್ಲ.

ಟಾಂಗಾ ತರಿಸುತ್ತೇನೆಂದೆ. "ಟಾಂಗಾದಾಗ ಕುಂತ್ರ ನೆಲ ಕಾಣ್ತದೇನ್ಲೇ? ಬಂದ ಹೆಜ್ಜಿ ಮ್ಯಾಲ ತಿರುಗಿ ಹೋಗಬೇಕು" ಎಂದರು. ತೋಟದಲ್ಲಿ ಕುಡುಗೋಲು ಕಳೆದರೆ ಹುಡುಕುವ ಕ್ರಮ ಅದಂತೆ. ಹೀಗಾಗಿ ಮೊದಲು ಕೆರೆಯ ಏರಿ, ಆಮೇಲೆ ಕೋಟೆ, ಕಡೆಗೆ ಗುಂಬಜು.

ಹೊರಡುವಾಗ ನಾನೊಂದು ಪಾಪ ಮಾಡಿದೆ. ಶೆರವಾನಿಯ ಎರಡೂ ಜೇಬಿಗೆ ಒಂದೊಂದು ಬಾಳೆಹಣ್ಣು ಇಳಿಸಿದೆ. ಶಾಸ್ತ್ರದ ಅಡ್ಡಿ ಏನೂ ಇರಲಿಲ್ಲ. ನನ್ನ ಲಿಂಗ ನನ್ನ ಎದೆಯ ಮೇಲೆಯೇ ಇತ್ತು.

ಆ ಮಧ್ಯಾಹ್ನ ನಾವು ನೋಡಿದಷ್ಟು ಸೂಕ್ಷ್ಮವಾಗಿ ಆ ಕೋಟೆಯನ್ನು ಕಟ್ಟಿದವರೂ ನೋಡಿರಲಿಕ್ಕಿಲ್ಲ. ಏರಿಯ ಮೇಲೆ ಹುಲ್ಲು ಸರಿಸಿ ಸರಿಸಿ ನೋಡಿದೆವು; ಹಾವಿನ ಪೊರೆ ಸಿಕ್ಕಿತು. ಕೋಟೆಯ ಮೆಟ್ಟಿಲುಗಳಲ್ಲಿ ಕಲ್ಲುಕುಟಿಗರು ಕೊರೆದ ಗುರುತುಗಳಿದ್ದವು. ಎಷ್ಟೋ ಸಲ ಅವನ್ನು ತುಳಿದು ಹೋಗಿದ್ದ ನನಗೆ ಅವು ಕಂಡಿರಲಿಲ್ಲ, ಮಾವ ಬೆರಳಿಟ್ಟು ತೋರಿಸಿದರು. ತೋಪಿನ ಮರೆಗೆ ಹೋಗಿ ನಾನು ಜೇಬಿಗೆ ಕೈ ಹಾಕಿದೆ. ಆಚೆ ಕಡೆ ಮಾವ ಮೊಣಕಾಲೂರಿ ಮಣ್ಣು ಜಾಲಾಡುತ್ತಿದ್ದರು. ಅವರ ತುಟಿ ಬಿಳಿಚಿಕೊಂಡು ಒಡೆದಿತ್ತು. ಕೈ ಖಾಲಿಯಾಗಿಯೇ ಹೊರಬಂತು.

ಗುಂಬಜು ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಮಾವನ ಮಾತು ಪೂರ್ತಿ ನಿಂತಿತ್ತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ತಂದಿತು. ಗೋರಿಗಳ ಕಸ ಗುಡಿಸಿಕೊಂಡು ಆಡು ಮೇಯಿಸುವ ಸಾಬರ ಮುದುಕನೊಬ್ಬ ದೊಡ್ಡ ಗುಂಬಜಿನ ಬಾಗಿಲಿಗೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದ.

"ಠೈರೋ! ಒಳಗ ಕಾಲಿಡಬ್ಯಾಡ್ರಿ," ಎಂದ. "ಮುಂಜಾನಿ ಇಲ್ಲಿ ಎತ್ತ ಕರದವ್ರು ಯಾರು?"

ಮಾವ ಅಪರಾಧಿಯಂತೆ ಕೈಮುಗಿದರು. "ನಾನ ರೀ, ಸಾಹೇಬ್ರ."

"ಹಂಗಾರ ಬರ್ರಿ. ನಿಮ್ಮ ದೇವರು ಇಲ್ಲೇ ಅದ."

ಒಳಗೆ, ಪಾರಿವಾಳಗಳು ಕೆಡವಿದ ಮೆತ್ತನೆಯ ದೂಳಿನಲ್ಲಿ, ಮುದುಕ ಸುತ್ತಲೂ ಜೋಡಿಸಿದ ಸಣ್ಣ ಕಲ್ಲುಗಳ ಬಳೆ. ನಡುವೆ ಬಿಳಿ ಅರಿವೆ ಸುತ್ತಿದ ಲಿಂಗ. ಕೈಯೆತ್ತಿ ಕೂಗಿದ ರಭಸಕ್ಕೆ ದಾರ ಕಡಿದಿತ್ತು. ದೂಳಿನಲ್ಲಿ ಬಿದ್ದ ಸಪ್ಪಳ ಕೇಳಿರಲಿಲ್ಲ.

"ಎತ್ತಿಡಬೇಕಂತ ಮಾಡಿದ್ದೆ," ಎಂದ ಮುದುಕ. "ನಾ ಮುಟ್ಟಿದ್ರ ನಿಮಗ ನಡೀತದೋ ಇಲ್ಲೋ, ಕ್ಯಾ ಮಾಲೂಮ್? ಬಿಟ್ಟು ಹೋದ್ರ ಆಡು ತುಳೀತಾವ. ಅದಕ್ಕ ಕುಂತೀನಿ. ನಮಾಜೂ ಇಲ್ಲೇ, ಬಾಗಲದಾಗ. ರೊಟ್ಟಿ ಮನ್ಯಾಗ ಉಳೀತು."

ಮಾವ ಎರಡೂ ಕೈಯಿಂದ ಎತ್ತಿಕೊಂಡರು. ಹತ್ತಿರದ ಬಾವಿಯಿಂದ ನೀರು ಸೇದಿ ತೊಳೆದು, ಗುಂಬಜಿನೊಳಗೆ ಗೋಡೆಗೆ ಒರಗಿ ಕೂತು, ಎಡ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು. ಬಳಿಕ ರುಮಾಲಿನ ಅಂಚು ಹರಿದು ಎದೆಗೆ ಕಟ್ಟಿಕೊಂಡರು, ಎರಡು ಗಂಟು ಹಾಕಿ. ಆಮೇಲೆ ಉಗುಳು ನುಂಗಿದರು. 'ಗುಳಕ್' ಎಂದಿತು. ಗುಂಬಜು ಅದನ್ನೂ ತಿರುಗಿ ಹೇಳಿತು.

ಈಗ ಮುಚ್ಚಿಡುವ ಕಾರಣವಿರಲಿಲ್ಲ. ಜಜ್ಜಿಹೋದ ಎರಡು ಬಾಳೆಹಣ್ಣು ತೆಗೆದೆ.

"ಇವು ಎಲ್ಲಿದ್ವು?" ಎಂದರು ಮಾವ.

"ಜೇಬಿನ್ಯಾಗ ರೀ."

"ಯಾವಾಗಿಂದ?"

"ಮನ್ಯಾಗಿಂದ."

ಮಾವ ನನ್ನ ಮುಖ ನೋಡಿದರು, ಹಣ್ಣು ನೋಡಿದರು. "ತಿನ್ನಲಿಲ್ಲ?"

"ಇಲ್ಲ ರೀ."

"ಹುಚ್ಚ ಇದ್ದಿ," ಎಂದು ಒಂದು ಇಡೀ ಹಣ್ಣು ಮುದುಕನಿಗೆ ಕೊಟ್ಟು, ಇನ್ನೊಂದನ್ನು ಮುರಿದು ದೊಡ್ಡ ಭಾಗ ನನ್ನ ಕೈಗಿಟ್ಟರು.

ಮುದುಕ ಕಣ್ಣು ಮುಚ್ಚಿ ತಿಂದ. "ವಾಹ್! ಇದು ಎಲ್ಲೀದ್ರಿ?"

ಕೇಳಬಾರದಿತ್ತು. ಮಾವ ಹತ್ತಿರ ಸರಿದು ಕೂತು, ತಾಯಿಗಿಡದಿಂದ ಆರಂಭಿಸಿದರು. ಅವರು ಅಜ್ಜಿಗಿಡಕ್ಕೆ ಬರುವ ಹೊತ್ತಿಗೆ ಮುದುಕ ಕೈಕಟ್ಟಿಕೊಂಡಿದ್ದ. ಅವನ ಮೇಲೆ ನನಗೆ ಕನಿಕರ ಬಂತು; ಆದರೆ ಮಾವನ ಬಾಯಿ ಮತ್ತೆ ಓಡುತ್ತಿರುವುದನ್ನು ಕೇಳುತ್ತ ಗೋಡೆಗೆ ಒರಗಿ ಸುಮ್ಮನೆ ಕೂತೆ. ಹೋಳಿಗೆ ಇನ್ನೊಂದು ತಾಸು ಕಾಯಬಹುದಿತ್ತು.

ಮುಂದೆ ಕಮಲಾಪುರದಲ್ಲಿ ಯಾರೋ, "ಕಲಬುರಗ್ಯಾಗ ನೋಡೂವಂಥಾದ್ದು ಏನದ ರೀ?" ಎಂದು ಮಾವನನ್ನು ಕೇಳಿದಾಗ ನಾನು ಅಲ್ಲೇ ಇದ್ದೆ.

"ಕಲ್ಲು ಅವ," ಎಂದರು. "ಒಂದೊಂದೂ ನೋಡೀನಿ."