ಬೆತ್ತದ ಪೊದೆಯ ಮಿಡತೆ

ನನ್ನ ಯಜಮಾನರು ನಂದಕುಮಾರರಿಗೆ ತಮ್ಮ ಕಿವಿಯ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು: ಹೊಸ ಕಾರಿನೊಳಗೆ ಕೂತು ಎಲ್ಲಿ ಕಿರುಗುಟ್ಟುತ್ತಿದೆ ಎಂದು ಪತ್ತೆಹಚ್ಚುವುದು.

ಇಲ್ಲಿಯ ಉಳಿದ ಕನ್ನಡಿಗರು ರಜೆಗೆ ಬೆಂಗಳೂರಿಗೆ ಓಡಿದರೆ, ಇವರು ಪ್ರತಿ ಫೆಬ್ರುವರಿ ಅಂಡಮಾನಿನ ಸ್ಯಾಡಲ್ ಪೀಕ್ ಹತ್ತುತ್ತಿದ್ದರು. ನಾನೂ ಎರಡು ಸಲ ಹೋಗಿ ಜಿಗಣೆಗೆ ರಕ್ತ ಕೊಟ್ಟು ಬಂದಿದ್ದೇನೆ. ಕಡಲ ದಂಡೆಯಿಂದ ಹೊರಟ ದಾರಿ ಹಲಗೆಯಂಥ ಬೇರಿನ ದೊಡ್ಡ ಮರಗಳಡಿ ಸಾಗಿ, ಬೆತ್ತದ ಪೊದೆಗಳಲ್ಲಿ ನುಸುಳುತ್ತದೆ. ಮೇಲೇರಿದಂತೆ ಮರಗಳು ಕುಳ್ಳಾಗುತ್ತವೆ. ಕೊಂಬೆಗೆಲ್ಲ ಪಾಚಿ, ಸುತ್ತ ಮಂಜು. ಅಲ್ಲಿಯ ಬೆತ್ತದ ಪೊದೆಯಲ್ಲಿ ಉಗುರುದ್ದದ ಮಿಡತೆಯೊಂದು ಸೂಜಿ ಚುಚ್ಚಿದ ಹಾಗೆ ಕೂಗುತ್ತದೆ. ಅದಕ್ಕಿನ್ನೂ ಹೆಸರಿಲ್ಲ, ಮೊದಲು ಗುರುತಿಸಿದವರು ಇವರೇ. ಹೆಂಡತಿಯ ಮಾತು ಕಿವಿಗೆ ಬೀಳದಿದ್ದರೂ ಅದು ಬೀಳುತ್ತಿತ್ತು.

ನಾಲ್ಕು ವರ್ಷದ ಹಿಂದೆ ಆ ಕೂಗು ನಿಂತಿತು ಎಂದರು. ಹನ್ನೆರಡು ವರ್ಷದಿಂದ ಜೊತೆಗೆ ಹತ್ತುತ್ತಿದ್ದ ಗೈಡ್ ಗೋಪಾಲ, ಇಲ್ಲೇ ಕೂಗುತ್ತಿದೆಯಲ್ಲ ಎಂದು ಪೊದೆಯನ್ನೇ ತೋರಿಸಿದನಂತೆ. ಅವನನ್ನು ಸುಳ್ಳುಬುರುಕ ಎಂದು ಬೈದು, ಮಾತು ಬಿಟ್ಟು ಬಂದರು. ಆಮೇಲೆ ಪ್ರತಿ ವರ್ಷ ಅಲ್ಲಿ ರೆಕಾರ್ಡರ್ ಕಟ್ಟಿ ಕಾಡಿನ ಸದ್ದು ಹಿಡಿದು ತಂದು, ಚಳಿಗಾಲವಿಡೀ ಆ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು. ಕಂಪ್ಯೂಟರಿನಲ್ಲಿ ಗ್ರಾಫ್ ಹಾಕಿ ನೋಡಬಾರದೇ ಎಂದರೆ, ಕಾಡನ್ನು ಕಣ್ಣಲ್ಲಿ ಕೇಳುತ್ತಾರೇನೇ ಎಂದು ನನ್ನ ಮೇಲೇ ಹರಿಹಾಯ್ದರು. ಒಂದು ಜೀವ ಭೂಮಿಯಿಂದಲೇ ಹೋಯಿತೆಂದು ಊಟ ನಿದ್ದೆ ಬಿಟ್ಟರು. ನಮ್ಮದು ಸೂತಕದ ಮನೆಯಾಯಿತು.

ಕಳೆದ ನವೆಂಬರಿನಲ್ಲಿ, ಓರೆಬ್ರೂ ಊರಿನಲ್ಲಿ ಓದುವ ಮಗಳು ಅವನಿ ಬಂದಿದ್ದಳು. ಸ್ಪೀಕರ್ ಹಾಕಿಕೊಂಡು ಕೂತಿದ್ದ ಅಪ್ಪನೆದುರು ಕಿವಿ ಮುಚ್ಚಿಕೊಂಡಳು.

"ಪಪ್ಪಾ, ಪ್ಲೀಸ್ ಆಫ್ ಮಾಡಿ. ಆ ಶಾರ್ಪ್ ಸೌಂಡಿಗೆ ತಲೆ ನೋಯ್ತಿದೆ."

ಯಾವ ಸೌಂಡ್ ಎಂದು ಕೇಳಿದರು. ನನಗೂ ಏನೂ ಕೇಳಿಸಿರಲಿಲ್ಲ. ಅದು ಕೂಗಿದಾಗಲೆಲ್ಲ ಬೆರಳೆತ್ತು ಎಂದು ಅವಳಿಗೆ ಹೇಳಿದರು. ಅರ್ಧ ಗಂಟೆ ಅವಳ ಬೆರಳು ಕೆಳಗಿಳಿದದ್ದೇ ಕಡಿಮೆ. ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಹಾಕಿದರು. ಎಲ್ಲ ವರ್ಷವೂ ಮಿಡತೆ ಇತ್ತು.

ವಯಸ್ಸು ಐವತ್ತೆಂಟು, ಸೂಜಿಯಂಥ ಕೀಚಲು ದನಿ ಕೇಳಿಸುವುದು ಮೊದಲು ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದರು ಕಿವಿಯ ಡಾಕ್ಟರು. ಗೋಪಾಲನಿಗೆ ಫೋನ್ ಮಾಡಿ ಕ್ಷಮೆ ಕೇಳಿ ಎಂದೆ. ಕೇಳಿದರು. ಆ ಪುಣ್ಯಾತ್ಮ ಬೇಜಾರೇ ಮಾಡಿಕೊಳ್ಳದೆ, ಬನ್ನಿ ಸಾರ್, ಈ ಸಲ ಪೊದೆ ತುಂಬ ಕೂಗುತ್ತಿವೆ ಎಂದನಂತೆ. ನಾನೇ ಟಿಕೆಟ್ ನೋಡಲು ಕೂತೆ. ಬೇಡ ಎಂದರು.

"ಸತ್ತೋಗಿದೆ ಅಂತ ನಾಲ್ಕು ವರ್ಷ ಅಳ್ತಿದ್ದೆ. ಈಗ ಇದೆ ಅಂತ ಗೊತ್ತಾಗಿದೆ. ಅದಕ್ಕಿಂತ ಜಾಸ್ತಿ ಅಳು ಬರ್ತಿದೆ ಕಣೇ."